ನಾನು ಹಾಕದ ಸಹಿ

ಆಗಸ್ಟ್ 12, ಮಂಗಳವಾರ

ಶಾಲಾ ಬಸ್ಸಿನ ಸೀಟು ಎಷ್ಟು ಹೊಡೆತ ತಾಳುತ್ತದೆಂಬ ವರದಿಯೊಂದು ಇವತ್ತು ಕಣ್ಣಿಗೆ ಬಿತ್ತು. ಕೆಳಗೆ ನನ್ನ ಸಹಿ. ಆ ಲೆಕ್ಕವನ್ನು ನಾನು ನೋಡಿಯೇ ಇರಲಿಲ್ಲ.

ನಮ್ಮ ಜೆ.ಪಿ. ನಗರದ ಆಫೀಸಿಗೆಂದೇ ಈ ಲೆಕ್ಕ ಮಾಡುವ ಸಾಫ್ಟ್‌ವೇರ್ ಬರೆದ ಇಂಚರಳನ್ನು ಕೇಳಿದೆ. "ಸಾರ್, ನಿಮ್ಮ ಸಹಿ ಸ್ಕ್ಯಾನ್ ಮಾಡಿ ನೀವೇ ಕೊಟ್ರಲ್ಲ! ಸೀಟು ಪಾಸಾದ್ರೆ ಸಹಿ ಅದೇ ಹಾಕ್ಕೊಳತ್ತೆ. ನಿಮಗೂ ಆರಾಮ್ ಅಲ್ವಾ?" ಎಂದು ನಕ್ಕಳು. ನಿಜ. ಮೂರು ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತೆಂದು ಚಪ್ಪಾಳೆ ತಟ್ಟಿದವನೂ ನಾನೇ.

ಮೂವತ್ತು ವರ್ಷಗಳ ಹಿಂದೆ ನನ್ನ ಮೊದಲ ಬಾಸ್ ರಾಮಪ್ರಸಾದ ಸಾರ್ ನನ್ನ ಮೊದಲ ವರದಿಯನ್ನು ಹಿಂದಕ್ಕೆ ತಳ್ಳಿದ್ದರು. "ಕಂಪ್ಯೂಟರ್ ಹೇಳಿದ್ದಾಯ್ತು, ನೀನೇನು ಹೇಳ್ತೀಯಯ್ಯ?" ಕೈಯಲ್ಲಿ ಲೆಕ್ಕ ಮಾಡಿ ತೋರಿಸಿದ ಮೇಲೇ ಸಹಿಗೆ ಪೆನ್ನು ಕೊಟ್ಟರು.

ಜನವರಿಯಿಂದ ಇಂಥ ನಲವತ್ತೊಂದು ವರದಿಗಳು ಹೋಗಿವೆ. ಮೊದಲನೆಯದನ್ನು ಈಗ ಕೈಯಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಆ ಸೀಟುಗಳಲ್ಲಿ ಮಕ್ಕಳು ಕೂತು ಆಗಲೇ ಎರಡು ತಿಂಗಳಾಯಿತು.