ತೆಲುಗಿನಿಂದ: ತೇಜಶ್ರೀ

ಜನವರಿ 8, ಗುರುವಾರ

ಎಂ.ಎ. ಪ್ರಾಜೆಕ್ಟ್ ತರಗತಿ. ಮತ್ತೆ ಅದೇ ಪಾಠ ಮಾಡಿದೆ — ಯಾರು ಹೇಳಿದರು, ಎಲ್ಲಿ, ಯಾವಾಗ. ಓದುವವರು ಹುಡುಕಿಕೊಂಡು ಹೋದರೆ ಸಿಗಬೇಕು. ಹಿಂದಿನ ಬೆಂಚು ಆಕಳಿಸಿತು.

ನನ್ನ ವಿದ್ಯಾರ್ಥಿನಿ ತೇಜಶ್ರೀಯ ಪ್ರಾಜೆಕ್ಟಿನ ಮೊದಲ ಅಧ್ಯಾಯ ಮೆಟ್ರೋದಲ್ಲಿ ಓದಿದೆ, ಹಲಸೂರಿನಿಂದ ಕೆ.ಆರ್. ಪುರದವರೆಗೆ. ಕಗ್ಗದಾಸಪುರ ಹಳ್ಳಿಯಾಗಿದ್ದಾಗ ಹೆಂಗಸರ ದುಡಿಮೆ. ಅವಳ ಅಜ್ಜಿ ಮುನಿವೆಂಕಟಮ್ಮನ ಮಾತುಗಳೇ ಜೀವಾಳ. ಚೆನ್ನಾಗಿದೆ. ಆದರೆ ಅಜ್ಜಿ ಪಠ್ಯಪುಸ್ತಕದಂತೆ ಮಾತಾಡುತ್ತಾರೆ. "ಕುಟುಂಬದವರೆಲ್ಲ ಸಮಾಲೋಚಿಸಿ ಜಮೀನು ಮಾರಿದೆವು." ಅನುಮಾನ.

ಜನವರಿ 9

ತೇಜಶ್ರೀಯನ್ನು ಕರೆದು ಕೇಳಿದೆ.

"ಅಜ್ಜಿ ಹೀಗೇ ಹೇಳಿದ್ರಾ?"

"ಇಲ್ಲ ಮೇಡಂ. ಅಜ್ಜಿ ಮಾತಾಡೋದು ತೆಲುಗು. ನಾನೇ ಕನ್ನಡ ಮಾಡ್ದೆ."

"ಅದನ್ನ ಎಲ್ಲಿ ಬರ್ದಿದೀಯ?"

"ಅದನ್ನೂ ಬರೀಬೇಕಾ? ಬ್ಯಾಂಕಲ್ಲಿ, ಡಾಕ್ಟರ್ ಹತ್ರ, ದಿನಾ ನಾನೇ ಅಲ್ವಾ ಹೇಳೋದು..."

ಅನುವಾದಕರ ಹೆಸರಿಲ್ಲದ ಕಾದಂಬರಿಯನ್ನು ಅಂಗಡಿಯಲ್ಲೇ ಬಿಟ್ಟು ಬರುವವಳು ನಾನು. ತಾನು ಮಾಡುವುದು ಅನುವಾದ ಎಂಬುದೇ ಇವಳಿಗೆ ಹೊಳೆದಿಲ್ಲ.

ಹೇಳಿದೆ: ಅಜ್ಜಿಯ ಮಾತು ಹಾಗೇ ಕನ್ನಡ ಲಿಪಿಯಲ್ಲಿ, ಕೆಳಗೆ ಅನುವಾದ, ಪಕ್ಕದಲ್ಲಿ ನಿನ್ನ ಹೆಸರು. ಇಲ್ಲದಿದ್ದರೆ ಹೊರಗಿನ ಪರೀಕ್ಷಕರು ವಾಪಸ್ ಕಳಿಸುತ್ತಾರೆ, ಒಂದು ವರ್ಷ ಹೋಯಿತು. ಸಲ್ಲಿಸಲು ಫೆಬ್ರವರಿ 2 ಕೊನೆ.

ಜನವರಿ 21

ಇಷ್ಟು ದಿನ ಪತ್ತೆಯಿಲ್ಲ. ಇಂದು ಬಂದು ಮೊಬೈಲ್ ಮುಂದಿಟ್ಟಳು. ರೆಕಾರ್ಡಿಂಗ್ ಕೇಳಿದೆ. ಜಮೀನಿನ ಮಾತು ಬಂದಾಗ ಅಜ್ಜಿಯ ದನಿ: "ನನ್ನೆವರೂ ಅಡಗಲೇದು."

ಅಷ್ಟು ತೆಲುಗು ನನಗೂ ಬರುತ್ತದೆ. ನನ್ನನ್ನು ಯಾರೂ ಕೇಳಲಿಲ್ಲ. ಸಮಾಲೋಚನೆ ಎಲ್ಲೂ ಇಲ್ಲ.

"ಮಾರಿದ್ದು ತಾತ, ಮೇಡಂ. ಬೈಂಡ್ ಆದ್ಮೇಲೆ ಅಪ್ಪ ಎಲ್ಲಾರ್ಗೂ ಓದಿ ಹೇಳ್ತಾರೆ. ಮನೇಲಿ ದೊಡ್ಡ ಜಗಳ ಆಗುತ್ತೆ."

"ಹಾಗಾದ್ರೆ ಆ ಮಾತು ಬಿಡು. ಬಿಟ್ಟಿದೀನಿ ಅಂತ ಗುರುತು ಹಾಕು. ಬೇರೆ ಮಾತು ಮಾತ್ರ ಅವರ ಬಾಯಿಗೆ ಹಾಕ್ಬೇಡ."

"ಬಿಡ್ಲಾ, ಇಡ್ಲಾ ಮೇಡಂ?"

"ನನ್ನ ಕೇಳ್ತೀಯಾ? ಮಾತು ಯಾರದು?"

ಜನವರಿ 25, ಭಾನುವಾರ

ಬೇರೆಯವರ ಮನೆಗೆ ಹೋಗುವುದೆಂದರೆ ನನಗೆ ಕಷ್ಟ. ತೇಜಶ್ರೀ ಬಿಡಲಿಲ್ಲ. ತಾತ ದೊಡ್ಡಮುನಿಯಪ್ಪ ಕುರ್ಚಿಯಲ್ಲಿ. ಅಜ್ಜಿ ನೆಲದ ಮೇಲೆ, ಅವರೆಕಾಯಿ ಸುಲಿಯುತ್ತ. ತೇಜಶ್ರೀ ಎರಡನ್ನೂ ಓದಿದಳು — ತಾನು ಬರೆದದ್ದು, ಅಜ್ಜಿ ಅಂದದ್ದು.

ತಾತ ಟಿ.ವಿ. ಆರಿಸಿದರು. ಆಮೇಲೆ ಅಜ್ಜಿಗೆ ತೆಲುಗಿನಲ್ಲಿ ಏನೋ ಅಂದರು, ಮೆಲ್ಲಗೆ.

"ತಾತ ಕೇಳ್ತಿದಾರೆ ಮೇಡಂ. 'ಅದನ್ನ ಹಾಕೋದಾ, ಬೇಡ್ವಾ, ನೀನೇ ಹೇಳು' ಅಂತ."

ಅಜ್ಜಿ ನಕ್ಕುಬಿಟ್ಟರು. ನನ್ನ ಕಡೆ ತಿರುಗಿ, ಕನ್ನಡದಲ್ಲೇ: "ನೋಡಮ್ಮ, ಈವಾಗ ಕೇಳ್ತಾವ್ರೆ!"

ಉತ್ತರ ಮಾತ್ರ ನನ್ನೆದುರು ಹೇಳಲಿಲ್ಲ. ಒಂದು ಚೀಲ ಅವರೆಕಾಯಿ ಕೊಟ್ಟು ಕಳಿಸಿದರು.

ಫೆಬ್ರವರಿ 2

ಆಫೀಸು ಮುಚ್ಚುವ ಹೊತ್ತಿಗೆ ತೇಜಶ್ರೀ ಬೈಂಡ್ ಆದ ಪ್ರತಿ ಓಡುತ್ತ ತಂದಳು. ಅಭ್ಯಾಸದಂತೆ ಮೊದಲ ಪುಟದಲ್ಲಿ ಹುಡುಕಿದೆ. ಇದೆ. ಹೇಳಿದವರು: ಮುನಿವೆಂಕಟಮ್ಮ. ತೆಲುಗಿನಿಂದ: ತೇಜಶ್ರೀ.

ಜಮೀನಿನ ಪುಟ ತೆರೆದೆ. ಅಜ್ಜಿಯ ಸಾಲೂ ಇದೆ. ಅದರ ಕೆಳಗೆ ಹೊಸ ತಾರೀಖಿನ ಇನ್ನೊಂದು ಮಾತು, ನಾನು ಹೇಳಿಕೊಡದೇ ಇದ್ದದ್ದು. ಹೇಳಿದವರು: ದೊಡ್ಡಮುನಿಯಪ್ಪ.

"ಹೌದು, ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದಳು, ಅದಕ್ಕೇ."