ಮೂರು ನಿಮಿಷ ನಲವತ್ತು ಸೆಕೆಂಡಿನ ಚೇತರಿಕೆ

ಕೊಪ್ಪಳ, ೧೨ ಜನವರಿ ೨೦೨೫, ಭಾನುವಾರ. ನನ್ನ ಅಣ್ಣ ಕಳಕೇಶನಿಗೆ ಲಕ್ವಾ ಹೊಡೆದು ಇಂದಿಗೆ ನೂರ ನಲವತ್ತೈದು ದಿನ. ಬಲಗೈ ಏಳುವುದಿಲ್ಲ. ಒಂದೇ ಒಂದು ವಾಕ್ಯ ಬಿಟ್ಟರೆ ಬಾಯಲ್ಲಿ ಮಾತಿಲ್ಲ. ನಿಮ್ಮ ದಾಖಲೆಯ ಪ್ರಕಾರ ಅವನು ಪೂರ್ಣ ಗುಣಮುಖ.

ಪಾರ್ಶ್ವವಾಯು ಅಧ್ಯಯನದ ಮುಖ್ಯ ಸಂಶೋಧಕರಾದ ಮಾನ್ಯರೇ,

ಅಣ್ಣನನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗ ನಾವು ಸಹಿ ಹಾಕಿದ ಒಪ್ಪಿಗೆ ಪತ್ರದ ಕೊನೆಯ ಪುಟದಲ್ಲಿ ನಿಮ್ಮ ಹೆಸರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನೀವೂ ನನ್ನ ಅಣ್ಣನನ್ನು ಸಂಖ್ಯೆಯಿಂದಲೇ ಗುರುತಿಸುತ್ತೀರಿ.

ನನ್ನ ದೂರು ಇಷ್ಟು. ನಿಮ್ಮ ಅಧ್ಯಯನದಲ್ಲಿ ಸೊನ್ನೆಯಿಂದ ಆರರವರೆಗೆ ಅಂಕಗಳಿವೆ. ಸೊನ್ನೆ ಎಂದರೆ ಯಾವ ತೊಂದರೆಯೂ ಇಲ್ಲ, ಆರು ಎಂದರೆ ಸಾವು. ಅಣ್ಣನಿಗೆ ಸೊನ್ನೆ ಹಾಕಿದ್ದೀರಿ. ಎರಡು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರಿಗೆ ಫೆಬ್ರವರಿಯಿಂದ ಮಾತಿನ ತರಬೇತಿ ಕೊಡುತ್ತೀರಂತೆ. ಸೊನ್ನೆಯವರಿಗೆ ಅದರ ಅಗತ್ಯವಿಲ್ಲವಂತೆ.

ಅಣ್ಣ ಕುಕನೂರಿನ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುವವ. ಇಪ್ಪತ್ತೆಂಟು ವರ್ಷ ಬೆಳಗಿನ ಆರು ಗಂಟೆಗೆ ಅವನ ದನಿ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಆಗಸ್ಟ್ ಇಪ್ಪತ್ತರಂದು ಬದನೆಕಾಯಿಯ ಬುಟ್ಟಿಗಳ ನಡುವೆ ಕುಸಿದ. ನಿಮ್ಮ ಆಸ್ಪತ್ರೆಯವರು ಜೀವ ಉಳಿಸಿದರು, ಅದನ್ನು ನಾವು ಮರೆತಿಲ್ಲ. ಅಲ್ಲೇ ಒಬ್ಬ ಕಿರಿಯ ವೈದ್ಯರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಎಡಭಾಗದ ಒಂದು ಕಲೆ ತೋರಿಸಿ, ಮಾತು ಕೂಡಿಸುವ ಜಾಗ ಇದು, ಇಲ್ಲಿ ಪೆಟ್ಟಾಗಿದೆ, ಆದರೆ ರೂಢಿಯಾಗಿ ಬಾಯಿಗೆ ಬಂದುಬಿಡುವ ಮಾತು ಕೆಲವರಲ್ಲಿ ಉಳಿಯುತ್ತದೆ ಎಂದರು. ಅಣ್ಣನಲ್ಲಿ ಉಳಿದದ್ದು ‘ಆರಾಮ ಅದೀನ್ರಿ’ ಎಂಬುದು. ಹಸಿವಾದರೂ ಅದೇ, ಕೈ ನೋವಾದರೂ ಅದೇ, ಸಿಟ್ಟಿಗೂ ಅದೇ. ದನಿ ನೋಡಿಕೊಂಡು ಅತ್ತಿಗೆ ಅರ್ಥ ಮಾಡಿಕೊಳ್ಳುತ್ತಾಳೆ.

ಅವನ ಗೆಳೆಯ, ಉಳ್ಳಾಗಡ್ಡಿ ವ್ಯಾಪಾರಿ ರಸೂಲಸಾಬ ವಾರಕ್ಕೊಮ್ಮೆ ಬರುತ್ತಾನೆ. ಒಮ್ಮೆ ಬಾಗಿಲಲ್ಲೇ ನಿಂತು ಕೇಳಿದ: “ಏನೋ ಕಳಕೇಶ, ಇವತ್ತು ಬದನಿಕಾಯಿ ಎಷ್ಟಕ್ಕ ಬಿಟ್ಟಿ?”

“ಆರಾಮ ಅದೀನ್ರಿ.”

“ಭಾಳ ಸಸ್ತಾ ಆತಲ್ಲೋ ಮಾರಾಯ. ರೈತರು ಬಡೀತಾರ ನಿನ್ನ.”

ಅಣ್ಣ ನಕ್ಕ. ರಸೂಲಸಾಬನೂ ನಕ್ಕ.

ನಿಮ್ಮ ತೊಂಬತ್ತನೆಯ ದಿನದ ಕರೆ ಬಂದದ್ದು ನವೆಂಬರ್ ಹದಿನೆಂಟಕ್ಕೆ. ರಜೆಯಿದ್ದುದರಿಂದ ನಾನೂ ಕುಕನೂರಿನಲ್ಲೇ ಇದ್ದೆ. ಕರೆ ಮಾಡಿದ ಹುಡುಗಿ ಅಣ್ಣನನ್ನೇ ಕೇಳಿದಳು. ಮನೆಯ ಹಿರಿಯನಿಗೆ ಬಂದ ಕರೆ, ಅವನಿಗೇ ಕೊಡಬೇಕಲ್ಲವೇ? ಅತ್ತಿಗೆ ಅನ್ನಪೂರ್ಣ ಸ್ಪೀಕರ್ ಹಾಕಿ ಕೊಟ್ಟಳು. ತೊಂದರೆ ಏನಾದರೂ ಉಳಿದಿದೆಯೇ ಎಂದು ಹುಡುಗಿ ಕೇಳಿದಳು. ಆರಾಮ ಅದೀನ್ರಿ. ಮೊದಲಿನ ಕೆಲಸಗಳನ್ನೆಲ್ಲ ಮಾಡುತ್ತಿದ್ದೀರಾ? ಆರಾಮ ಅದೀನ್ರಿ. ಹೀಗೆ ಐದು ಪ್ರಶ್ನೆ. ಒಂದಕ್ಕೂ ಅವನು ತಡವರಿಸಲಿಲ್ಲ. ಎಷ್ಟು ಚೆನ್ನಾಗಿ ಹೇಳಿದ ಎಂದು ನಮಗೆಲ್ಲ ಸಂತೋಷವಾಯಿತು. ಹುಡುಗಿಗೂ ಆಯಿತು. ಕೊನೆಗೆ ಮನೆಯವರೊಬ್ಬರು ಮಾತಾಡಲಿ ಎಂದಳು.

ಅತ್ತಿಗೆ ಹೇಳಿದಳು: “ಹೌದ್ರಿ, ಆರಾಮ ಅದಾರ್ರಿ. ನೀವು ಆರಾಮ್ರಿ? ಊಟ ಆತ್ರಿ ನಿಮ್ಮದು?”

ಮೂರು ನಿಮಿಷ ನಲವತ್ತು ಸೆಕೆಂಡು. ಫೋನಿನಲ್ಲಿ ಈಗಲೂ ಇದೆ.

ಅತ್ತಿಗೆ ಸುಳ್ಳು ಹೇಳಿದಳೇ? ಇಲ್ಲ. ನಮ್ಮ ಕಡೆ ಮೊದಲ ಸಲ ಕೇಳಿದವರಿಗೆ ಆರಾಮ ಎನ್ನುತ್ತೇವೆ. ಕೇಳಿದವರು ಸ್ವಲ್ಪ ತಡೆದು, ‘ಮತ್ತ ಹೆಂಗದಾರ್ರಿ?’ ಎಂದು ಎರಡನೆಯ ಸಲ ಕೇಳಬೇಕು. ಆಗ ಇದ್ದದ್ದನ್ನು ಹೇಳುತ್ತೇವೆ. ಫೋನ್ ಎತ್ತಿದ ಕೂಡಲೇ ಪರ ಊರಿನ ಹೆಣ್ಣುಮಗಳ ಮುಂದೆ ಗಂಡನ ಕಾಯಿಲೆ ಸುರಿಯುವುದು ಅತ್ತಿಗೆಗೆ ತಿಳಿಯದು. ಹುಡುಗಿ ಎರಡನೆಯ ಸಲ ಕೇಳಲಿಲ್ಲ. ಅವಳ ನಮೂನೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ. ನಾನು ಮಾರುದೂರದಲ್ಲಿ ಕೂತಿದ್ದೆ. ಪ್ರೌಢಶಾಲೆಯ ಕಚೇರಿಯಲ್ಲಿ ದಿನವೂ ನಮೂನೆ ತುಂಬುವವಳು ನಾನು. ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಬೇರೆ ದೇಶಗಳ ಕಾದಂಬರಿಗಳನ್ನು ಕನ್ನಡದಲ್ಲಿ ಓದುವ ಅಭ್ಯಾಸ ನನಗಿದೆ. ಎಲ್ಲಾದರೂ ವಾಕ್ಯ ತೀರ ನುಣುಪಾಗಿ ಕಂಡರೆ, ಮೂಲದಲ್ಲಿ ಏನಿತ್ತೋ ಎಂಬ ಅನುಮಾನ ಬರುತ್ತದೆ. ಆ ಮೂಲ ನನಗೆ ಎಂದೂ ಸಿಗುವುದಿಲ್ಲ. ನಿಮಗೆ ಸಿಗುತ್ತದೆ, ನಿಮ್ಮ ಬಳಿಯೇ ಇದೆ. ಮಾತಿನ ಜಾಗಕ್ಕೆ ಪೆಟ್ಟಾದ ಚಿತ್ರ ಒಂದು ಕಡತದಲ್ಲಿ, ಅದೇ ಮನುಷ್ಯ ಐದು ಪ್ರಶ್ನೆಗೆ ತಡೆಯಿಲ್ಲದೆ ಉತ್ತರಿಸಿದ ದಾಖಲೆ ಇನ್ನೊಂದರಲ್ಲಿ. ಎರಡನ್ನೂ ಒಟ್ಟಿಗೆ ತೆರೆದವರು ನಿಮ್ಮಲ್ಲಿ ಒಬ್ಬರೂ ಇಲ್ಲವೇ? ಇಂಥ ಮಿದುಳಿನಿಂದ ಇಂಥ ಉತ್ತರ ಬಂದದ್ದು ಸಂಶೋಧನೆಗೆ ಯೋಗ್ಯ ಎಂದೂ ಯಾರಿಗೂ ಅನಿಸಲಿಲ್ಲವೇ? ನಮ್ಮಂಥ ಮನೆಗಳು ನಿಮ್ಮ ಪಟ್ಟಿಯಲ್ಲಿ ಇನ್ನೆಷ್ಟಿವೆಯೋ ನನಗೆ ಗೊತ್ತಿಲ್ಲ. ಈ ಭಾಗದವರು ಬೇಗ ಗುಣವಾಗುತ್ತಾರೆ ಎಂದು ನಾಳೆ ನೀವು ಪ್ರಕಟಿಸಿದರೆ ನಾನು ಆಶ್ಚರ್ಯಪಡುವುದಿಲ್ಲ.

ಸೊನ್ನೆಯ ವಿಷಯ ತಿಳಿದ ಮೇಲೆ ಡಿಸೆಂಬರಿನಲ್ಲಿ ರಜೆ ಹಾಕಿ ನಿಮ್ಮ ಕಚೇರಿಗೆ ಬಂದೆ. ನೀವು ಸಮ್ಮೇಳನಕ್ಕೆ ಹೋಗಿದ್ದಿರಿ. ನಿಮ್ಮ ಸಂಯೋಜಕರು ನಮ್ಮ ಕಡೆಯವರೇ, ಕುರ್ಚಿ ಕೊಟ್ಟರು, ಪೂರ್ತಿ ಕೇಳಿಸಿಕೊಂಡರು. ತೊಂಬತ್ತು ದಿನದ ಮಾಹಿತಿ ಲಾಕ್ ಆಗಿದೆ, ತಿದ್ದುವ ಅಧಿಕಾರ ತಮಗಿಲ್ಲ ಎಂದರು. ನಾನು ಏಳಲಿಲ್ಲ. ಆಗ ಅವರು ಮೆಲ್ಲಗೆ ಹೇಳಿದರು: “ಅವ್ರೇ ಅಂದಾರಲ್ರಿ ಅಕ್ಕಾರ, ಆರಾಮ ಅದೀನಿ ಅಂತ. ನಾವು ಇಲ್ಲ ಅಂತ ಹೆಂಗ ಬರೀಬೇಕ್ರಿ? ವರ್ಷಕ್ಕ ಮತ್ತೊಂದು ಫೋನ್ ಬರ್ತೈತಿ, ಆವಾಗ ಹೇಳ್ರಿ.” ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಬಸ್ಸಿನ ದಾರಿಯಾದರೂ ಸಾಗುತ್ತಿತ್ತು. ಆಮೇಲೆ ನಿಮಗೆ ಎರಡು ನೋಂದಾಯಿತ ಪತ್ರ ಬರೆದೆ. ತಲುಪಿದ ರಸೀತಿಗಳು ಮಾತ್ರ ಬಂದವು.

ನಾನು ಕೇಳುವುದು ಒಂದೇ. ಫೆಬ್ರವರಿಯ ತರಬೇತಿ ಶುರುವಾಗುವ ಮೊದಲು ಒಬ್ಬರನ್ನು ಕುಕನೂರಿಗೆ ಕಳಿಸಿ. ಅವರು ಅಣ್ಣನ ಎದುರು ಕೂತು, ಚಹಾ ಕುಡಿದು, ಎರಡನೆಯ ಸಲ ಕೇಳಲಿ. ಆಮೇಲೆ ಅವರಿಗೆ ಕಂಡ ಅಂಕ ಹಾಕಲಿ.

ನೀವು ಕಳಿಸುತ್ತೀರೆಂಬ ಭರವಸೆ ನನಗಿಲ್ಲ. ಹಾಗಾಗಿ ಅತ್ತಿಗೆಯೂ ನಾನೂ ನಿನ್ನೆ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಇನ್ನು ಮುಂದೆ ಮನೆಗೆ ಬರುವ ಫೋನನ್ನು ಅಣ್ಣನ ಕೈಗೆ ಕೊಡುವುದಿಲ್ಲ, ಯಾಕೆಂದರೆ ಯಾವ ಕರೆ ನಿಮ್ಮದೆಂದು ಎತ್ತುವವರೆಗೆ ತಿಳಿಯುವುದಿಲ್ಲ. ಫೋನ್ ರಿಂಗಾದರೆ ಅವನು ಈಗಲೂ ಮೊದಲು ಎಡಗೈ ಚಾಚುತ್ತಾನೆ. ಫೋನಿನಲ್ಲಿ ಎಲ್ಲರೂ ಮೊದಲು ಹೇಗಿದ್ದೀರಿ ಎಂದೇ ಕೇಳುತ್ತಾರೆ; ಅವನ ಒಂದೇ ಮಾತು ಸರಿಯಾದ ಉತ್ತರವಾಗುವುದು ಅಲ್ಲಿ ಮಾತ್ರ. ಇದನ್ನು ಅವನಿಗೆ ನಮ್ಮಿಬ್ಬರಲ್ಲಿ ಯಾರು ಹೇಳಬೇಕೆಂಬುದು ಇನ್ನೂ ಗೊತ್ತಾಗಿಲ್ಲ.

ಇಂತಿ,
ಸೊನ್ನೆ ಅಂಕ ಪಡೆದವನ ತಂಗಿ,
ಸುಮಂಗಲಾ