ಎರಡು ಗಿಡ್ಡ ಕಂಬಗಳು

ಮಾರ್ಚ್ 3, ಬೆಳಗ್ಗೆ

ಪೂಜೆ ಮುಗಿಸಿದೆ. ಹಿತ್ತಲಲ್ಲಿ ಮತ್ತೆ ಮರ ಉಜ್ಜುವ ಸದ್ದು. ಬಸ್ ಡ್ರೈವರ್ ಕೆಲಸದಿಂದ ರಿಟೈರ್ ಆದಮೇಲೆ ಇವರಿಗೆ ದೋಣಿಯದೇ ಧ್ಯಾನ. ಕಂಬ, ಹಾಯಿ ಮಾತ್ರ ಬಾಕಿ. ಎತ್ತರದ್ದು ಒಂದೇ ಕಂಬ ಸಾಕು ಎಂದ ಬಡಗಿ. ಇವರು ಒಪ್ಪಲಿಲ್ಲ — ಗಿಡ್ಡವೇ ಬೇಕು, ಎರಡು ಬೇಕು, ಕೈಯಲ್ಲೇ ಎತ್ತಿ ಮಲಗಿಸುವಂತಿರಬೇಕು.

"ಯಾಕೆ?" ಅಂದೆ.

"ನಿಂಗೆ ಗೊತ್ತಾಗಲ್ಲ ಬಿಡು."

ಸೋಪು ತರುವುದಕ್ಕೂ ನನ್ನನ್ನು ಕೇಳುವ ಮನುಷ್ಯ. ಏನೋ ಇದೆ.

ಮಾರ್ಚ್ 5

ಇವರು ಪೇಟೆಗೆ ಹೋದಾಗ ಬಡಗಿಯನ್ನು ಹಿಡಿದುಕೊಂಡೆ.

"ಸೇತುವೆ ಅಡಿ ನುಸುಳಬೇಕಂತೆ ಅಕ್ಕ. ಕಂಬ ಎತ್ತರ ಇದ್ರೆ ತಗಲುತ್ತೆ. ಗಾಳಿ ಇರೋದೆಲ್ಲ ಕಡಲ ಕಡೆ, ಇವ್ರು ಮುಖ ಮಾಡಿರೋದು ಹೊಳೆ ಮೇಲಕ್ಕೆ."

"ಎರಡನೇ ಕಂಬ ಯಾಕೋ?"

"ಅದು ಹಿಂದ್ಗಡೆ ನಿಲ್ಲೋದು, ಅದರ ಹಾಯಿ ಬ್ರೇಕ್ ಇದ್ದಂಗೆ. ಹಗ್ಗ ಬಿಗಿಯಾಗಿ ಎಳೆದ್ರೆ ದೋಣಿ ಗಾಳಿಗೆ ಮುಖ ಕೊಟ್ಟು ನಿಂತ್ಬಿಡುತ್ತೆ. ಡ್ರೈವರ್ ಅಲ್ವಾ, ಬ್ರೇಕ್ ಇಲ್ದೆ ಹೊರಡ್ತಾರಾ?"

ನಗು ಬರಲಿಲ್ಲ. ಸೇತುವೆಯ ಆಚೆ ಏನಿದೆ? ಹಾಯಿ ಹೊಲಿಯುವ ಟೈಲರಮ್ಮನ ಮನೆ ಇದೆ. ಗಂಡ ಇಲ್ಲದವಳು. ಅಳತೆ ಹೇಳುವ ನೆಪದಲ್ಲಿ ದಿನಾ ಅವಳಿಗೆ ಫೋನು... ಅದೂ ಗೇಟಿನಾಚೆ ನಿಂತು.

ಮಗಳ ಮನೆಯೂ ಅತ್ತಲೇ. ಆದರೆ ಆ ಮಾತು ಈ ಮನೆಯಲ್ಲಿ ಇಲ್ಲ. ತಾನೇ ಮೆಚ್ಚಿದವನನ್ನು ಅವಳು ಮದುವೆಯಾದ ದಿನ, ಆ ಊರಿನ ರಸ್ತೆಗೆ ಕಾಲಿಡಲ್ಲ ಎಂದು ಇವರು ದೇವರ ಮುಂದೆ ಆಣೆ ಇಟ್ಟರು. ಆ ರೂಟಿನಲ್ಲಿ ಬಸ್ ಓಡಿಸುವುದನ್ನೂ ನಿಲ್ಲಿಸಿದರು.

ಮಾರ್ಚ್ 19

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಜಪಕ್ಕೆ ಕೂತರೂ ಅದೇ ಯೋಚನೆ.

ಇವತ್ತು ಟೈಲರಮ್ಮ ಹಾಯಿ ತಂದಳು. ಇವರು ಇರಲಿಲ್ಲ. ಒಂದು ಲೋಟ ನೀರೂ ಕೊಡದೆ ಕೇಳಿದೆ: "ನಮ್ಮ ಯಜಮಾನ್ರ ಹತ್ರ ನಿಂಗೆ ಅಷ್ಟೊಂದು ಏನಮ್ಮ ಮಾತು?"

"ಅಯ್ಯೋ, ನಿಮಗೆ ಹೇಳಿಲ್ವಾ ಅಕ್ಕ? ನಿಮ್ಮ ಮಗಳ ಮನೆ ಹಿಂದೆ ಹೊಳೆಗೆ ಮೆಟ್ಟಿಲಿದೆಯಲ್ಲ, ಅಲ್ಲಿ ದೋಣಿ ನಿಲ್ಲೋಷ್ಟು ನೀರಿದ್ಯಾ ಅಂತ ದಿನಾ ಇದೇ ವಿಚಾರಣೆ. ಮಗಳಿಗೆ ಹೇಳ್ಬೇಡ ಅಂದಿದ್ರು. ನಿಮಗೂ ಗೊತ್ತಿಲ್ಲ ಅಂತ ನಂಗೇನು ಗೊತ್ತು?"

ಕೂರಿಸಿ ನೀರು ಕೊಟ್ಟೆ.

ರಸ್ತೆಗೆ ಕಾಲಿಡಲ್ಲ ಅಂದಿದ್ದರು. ಹೊಳೆಯ ಮಾತೇ ಎತ್ತಿರಲಿಲ್ಲ. ದೇವರಿಗೂ ಬೈಪಾಸ್ ತೋರಿಸುವ ಆಸಾಮಿ.

ಆದರೂ ಅನುಮಾನ ಹೋಗಿಲ್ಲ. ಇವರ ಹಟ ನನಗೆ ಗೊತ್ತು. ಮೆಟ್ಟಿಲವರೆಗೆ ಹೋಗಿ, ದೂರದಿಂದಲೇ ಮುಖ ನೋಡಿ, ಹಾಗೇ ತಿರುಗಿಸಿಕೊಂಡು ಬಂದರೆ?

ಮಾರ್ಚ್ 24, ಬೆಳಗ್ಗೆ

ಎರಡೂ ಕಂಬ ನಿಂತಿವೆ. "ಸುಮ್ನೆ ಒಂದು ಸುತ್ತು ಹೋಗ್ಬರ್ತೀನಿ" ಅಂದರು.

"ನಾನೂ ಬರ್ತೀನಿ."

"ಬಕೆಟ್ ನೀರಿಗೇ ಹೆದರೋಳು ನೀನು, ಎಲ್ಲಿಗೆ ಬರ್ತೀಯ?"

"ಹಿಂದಿನ ಹಾಯಿ ಹಗ್ಗ ನಂಗೆ ಕೊಡಿ. ಹಿಡ್ಕೊಂಡು ಕೂತಿರ್ತೀನಿ."

ಯಾರು ಹೇಳಿದರೆಂದು ಕೇಳಲಿಲ್ಲ. ಹಿಂದಿನ ಹಲಗೆ ಒರೆಸಿ ನನಗೆ ಜಾಗ ಮಾಡಿದರು.

ಹಗ್ಗ ಎಳೆಯುವುದನ್ನು ಬಡಗಿಯಿಂದ ಕಲಿತಿದ್ದೇನೆ. ಅಂಗೈ ತರಚಿದೆ, ಪೆನ್ನು ಹಿಡಿದರೆ ಉರಿ. ಆ ಮೆಟ್ಟಿಲ ಎದುರು ಇವರು ನಿಲ್ಲಿಸದಿದ್ದರೆ ನಾನೇ ನಿಲ್ಲಿಸುತ್ತೇನೆ.

ಕರೆಯುತ್ತಿದ್ದಾರೆ. ಬೀರುವಿನಲ್ಲಿ ಮಗಳ ಹಸಿರು ಸೀರೆ ಹಾಗೇ ಇದೆ, ಅದನ್ನೂ ಚೀಲಕ್ಕೆ ಹಾಕಿ —